ಎದುರು ಗಾಳಿಗೆ ಹೊಲಿದ ಹಾಯಿ

ಸಮುದ್ರವಿಲ್ಲ, ನದಿಯೂ ಇಲ್ಲ, ಇಂಥ ಸೀಮೆಯಲ್ಲಿ ಹುಟ್ಟಿದವನು ಹಾಯಿದೋಣಿ ನಡೆಸಿ ಬದುಕುತ್ತೇನೆ ಅನ್ನುವುದು ಹುಚ್ಚಲ್ಲದೆ ಮತ್ತೇನು? ಹುಚ್ಚೇ ಇರಲಿ. ಹುಚ್ಚು ಅನ್ನುವವರಲ್ಲಿ ಒಬ್ಬನಾದರೂ ಹಾಯಿಯ ಹಗ್ಗ ಹಿಡಿದು ನೋಡಿದ್ದಾನೆಯೇ? ಅಥವಾ ಸರ್ಕಾರಿ ಕೆಲಸ ಹಿಡಿ ಎಂದು ಅಪ್ಪ ಹೇಳುವುದೇ ಸರಿಯೋ?

ವಕ್ಕಲೇರಿ ಕೆರೆಯ ನಡುನೀರಿನಲ್ಲಿ ಕೂತು ಕದಿರೇಶ ಹೀಗೆ ತನ್ನೊಡನೆ ತಾನೇ ಜಗಳವಾಡುತ್ತಿದ್ದಾಗ ದೋಣಿ ಮತ್ತೆ ಆಚೆ ದಡಕ್ಕೆ ಹೋಗಿ ತಗುಲಿತು. ಆರನೆಯ ದಿನ. ಅದೇ ದಡ, ಅದೇ ಹಿಪ್ಪುನೇರಳೆ ತೋಟ.

ದೋಣಿ ಅಂದರೆ ಎರಡು ಟಾರು ಡ್ರಮ್ಮು, ಮೇಲೊಂದಿಷ್ಟು ಹಲಗೆ, ಬಿದಿರ ಕಂಬ, ಕೋರಾ ಬಟ್ಟೆಯ ಹಾಯಿ. ಬೆಂಗಳೂರಿನಲ್ಲಿ ಬಿ.ಎಸ್ಸಿ. ಓದುವಾಗ ಎನ್‌ಸಿಸಿ ನೌಕಾ ವಿಭಾಗ ಸೇರಿ ಹಲಸೂರು ಕೆರೆಯಲ್ಲಿ ಹಚ್ಚಿಕೊಂಡ ಗೀಳು ಅದು. ಈಗ, ೧೯೭೯ರಲ್ಲಿ, ಮದರಾಸಿನ ಹಾಯಿದೋಣಿ ಕ್ಲಬ್ಬೊಂದರಿಂದ ಕಾಗದ ಬಂದಿತ್ತು. ಹೊಸಬರನ್ನು ಕೆಲಸಕ್ಕೆ ತೆಗೆದುಕೊಂಡು ಕಲಿಸುತ್ತಾರೆ. ಆದರೆ ನವೆಂಬರ್ ಹನ್ನೆರಡಕ್ಕೆ ಪರೀಕ್ಷೆ. ಗಾಳಿಗೆ ಎದುರಾಗಿ ಒಬ್ಬನೇ ದೋಣಿ ನಡೆಸಿ ತೋರಿಸಬೇಕು.

ಕಾಲೇಜಿನಲ್ಲಿ ಚುಕ್ಕಾಣಿ ಯಾವಾಗಲೂ ಬೇರೆಯವರ ಕೈಯಲ್ಲಿ; ಇವನ ಪಾಲಿಗೆ ಬಂದದ್ದು ನೀರು ಮೊಗೆಯುವ ಕೆಲಸ. ಈಗ ಈ ದೋಣಿಯೋ ಗಾಳಿ ಬೀಸಿದ ಕಡೆಗೆ ಹೋಗುತ್ತಿತ್ತೇ ಹೊರತು ಹಿಂದಿರುಗುತ್ತಿರಲಿಲ್ಲ. ದಿನಾ ಹಗ್ಗ ಹಿಡಿದು ದಡ ಸುತ್ತಿ ಎಳೆದು ತರುವಾಗ ಕೆರೆಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತ ಮುದುಕ ದೊಡ್ಡಮುನಿಯಪ್ಪ ಕೂಗುತ್ತಿದ್ದ: "ಏಮ್ರಾ ಕದಿರೇಶಾ, ಎಮ್ಮೆ ಮೈ ತೊಳ್ಕೊಂಡು ಬಂದ್ಯೇನ್ಲಾ?"

"ಒಂದು ಮಾತು ಕೇಳ್ಲಾ?" ಸೊಪ್ಪು ಬಿಡಿಸುತ್ತಿದ್ದ ಹುಡುಗಿ ಆ ದಿನ ಸೊಂಟಕ್ಕೆ ಕೈಯಿಟ್ಟು ನಿಂತಳು. ಗಂಗುಲಪ್ಪನ ಮಗಳು ಶಾಮಲ, ಊರಿನ ಅರ್ಧ ಹೆಂಗಸರ ರವಿಕೆ ಹೊಲಿಯುವವಳು. "ಇಷ್ಟಗಲ ಕೆರೆ ಇದೆ. ದಿನಾ ನಮ್ಮ ತೋಟದ ಹತ್ರಾನೇ ಯಾಕ್ ಬಂದ್ ನಿಲ್ತೀರ?"

"ನಾನು ಬರಲ್ಲ. ಗಾಳಿ ತಂದು ಹಾಕುತ್ತೆ."

"ಪಾಪ, ಗಾಳಿ! ಎಲ್ಲಾ ಅದರ ಮೇಲೆ ಹಾಕ್ಬಿಡಿ." ಕೆಳದುಟಿ ಕಚ್ಚಿ ನಗು ತಡೆದಳು, ತಡೆದ ನಗು ಕಣ್ಣಿಗೆ ಹೋಯಿತು.

"ನಿಜ. ಪಡುವಣ ಗಾಳಿ ಇರೋವರೆಗೂ ಇದೇ ದಡ. ವಾಪಸ್ ಹೋಗಕ್ಕೇ ಆಗ್ತಿಲ್ಲ."

ಅವಳು ಹತ್ತಿರ ಬಂದು ಹಾಯಿಯ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡಿದಳು. "ಇದನ್ನ ಹೊಲ್ದೋರು ಯಾರು?"

"ನಾನೇ."

"ದುಪ್ಪಟಿ ಹೊಲ್ದಿದೀರ. ಅಂಚೆಲ್ಲ ಗೆರೆ ಎಳೆದಂಗೆ ನೆಟ್ಟಗೆ. ಚಪ್ಪಟೆ ಬಟ್ಟೇಲಿ ಗಾಳಿ ಎಲ್ಲಿ ಕೂತ್ಕೊಳುತ್ತೆ? ಉಬ್ಬು ಬರಲಿ ಅಂತ ರವಿಕೆಗೆ ಟಕ್ಸ್ ಹಿಡಿಯಲ್ವಾ? ಹಂಗೆ."

ಕದಿರೇಶನಿಗೆ ಕಿವಿಯೆಲ್ಲ ಬಿಸಿಯಾಯಿತು.

"ಅಯ್ಯೋ, ಬಿ.ಎಸ್ಸಿ. ಓದಿದೋರು ನಾಚ್ಕೊಂಡ್ರು! ಬಿಚ್ಚಿ ಕೊಡಿ ಇತ್ಲಾಗೆ." ಒಂದು ಗಳಿಗೆ ತಡೆದು ಸೇರಿಸಿದಳು, "ಹಾಯಿನ."

ರೇಷ್ಮೆ ಹುಳು ಪೊರೆ ಕಳಚಲು ಜ್ವರಕ್ಕೆ ಕೂತು ಸೊಪ್ಪು ತಿನ್ನುವುದನ್ನು ಬಿಡುವ ಒಂದೂವರೆ ದಿನವೇ ಅವಳಿಗಿದ್ದ ಬಿಡುವು. ಅಷ್ಟರಲ್ಲಿ ಜಗಲಿಯ ಮೇಲೆ ಮಿಷನ್ ಇಟ್ಟುಕೊಂಡು ಹಾಯಿಯ ಹೊಲಿಗೆ ಬಿಚ್ಚಿ, ಅಂಚನ್ನು ಬಿಲ್ಲಿನಂತೆ ಬಾಗಿಸಿ, ಬುಡದಲ್ಲಿ ಮೂರು ಟಕ್ಸ್ ಹಿಡಿದಳು. ಬಟ್ಟೆಯ ಇನ್ನೊಂದು ತುದಿಯನ್ನು ಅವನು ಎತ್ತಿ ಹಿಡಿದಿದ್ದ. ಅವಳು ಬಟ್ಟೆ ಎಳೆದಾಗಲೆಲ್ಲ ಅವನು ಒಂದೊಂದು ಹೆಜ್ಜೆ ಹತ್ತಿರವಾಗುತ್ತಿದ್ದ, ಅಷ್ಟೇ.

ಮಾರನೆಯ ಮಧ್ಯಾಹ್ನ ದೋಣಿ ಗಾಳಿಯನ್ನು ಸೀಳಿಕೊಂಡು ಯಾರೂ ಹಗ್ಗ ಹಿಡಿದು ಎಳೆಯದೆ ಕಟ್ಟೆಗೆ ಮರಳಿತು. ದೊಡ್ಡಮುನಿಯಪ್ಪ ಬೀಡಿ ಕೈಯಲ್ಲೇ ಮರೆತು ನಿಂತ.

ಅಕ್ಟೋಬರ್ ಕೊನೆಗೆ ಗಾಳಿ ಮೂಡಣಕ್ಕೆ ತಿರುಗಿತು. ಈಗ ಅದು ಕದಿರೇಶನನ್ನು ಅವನ ಮನೆಯ ಕಡೆಗೇ ನೂಕುತ್ತಿತ್ತು. ಅವನು ಹಾಯಿಯನ್ನು ಒಮ್ಮೆ ಈ ಮಗ್ಗುಲಿಗೆ, ಒಮ್ಮೆ ಆ ಮಗ್ಗುಲಿಗೆ ಹೊರಳಿಸುತ್ತ, ಓರೆಯೋರೆಯಾಗಿ ಎರಡು ಗಂಟೆ ಹೆಣಗಾಡಿ, ತೊಯ್ದು ತೊಪ್ಪೆಯಾಗಿ ಹಿಪ್ಪುನೇರಳೆ ತೋಟದ ದಡ ಮುಟ್ಟಿದ.

ಶಾಮಲ ಸೊಪ್ಪಿನ ಮಂಕರಿ ಕೆಳಗಿಟ್ಟಳು. "ಇವತ್ತು ಗಾಳಿ ನಿಮ್ಮ ಮನೆ ಕಡೆಗಿದೆ. ಇಲ್ಲಿಗೆ ಯಾರು ತಂದು ಹಾಕಿದ್ರು?"

ಅವನು ನೀರನ್ನು ನೋಡಿದ. "ಪ್ರಾಕ್ಟೀಸು."

"ಓಹೋ." ಅವಳು ಕಣ್ಣು ಕದಲಿಸಲಿಲ್ಲ. "ಚೆನ್ನಾಗಿದೆ ಪ್ರಾಕ್ಟೀಸು. ದಿನಾ ಮಾಡಿ."

ದಿನಾ ಮಾಡಿದ.

ಪರೀಕ್ಷೆಗೆ ನಾಲ್ಕು ದಿನವಿರುವಾಗ ಅಪ್ಪ ಚನ್ನರಾಯಪ್ಪ ಊಟದ ಎಲೆಯ ಪಕ್ಕದಲ್ಲಿ ಒಂದು ಲಕೋಟೆ ಇಟ್ಟರು. "ರೇಷ್ಮೆ ಇಲಾಖೆ ಆರ್ಡರು. ಹನ್ನೆರಡಕ್ಕೇ ಸೇರ್ಬೇಕು."

"ಹನ್ನೆರಡಕ್ಕೆ ನಾನು ಮದರಾಸಲ್ಲಿರ್ತೀನಪ್ಪ."

"ಡಿಗ್ರಿ ಓದ್ಸಿದ್ದು ದೋಣಿ ತಳ್ಳಲಿ ಅಂತೇನೋ?"

"ಹೌದು. ದೋಣೀನೇ ತಳ್ತೀನಿ."

"ಹೋದ್ರೆ ಈ ಹೊಸ್ತಿಲು ಮತ್ತೆ ತುಳೀಬೇಡ."

ಕದಿರೇಶ ತಲೆ ತಗ್ಗಿಸಲಿಲ್ಲ. ಎಲೆಯಲ್ಲಿದ್ದ ಮುದ್ದೆಯನ್ನು ಪೂರ್ತಿ ಉಂಡು, ಎದ್ದು, ಕೈತೊಳೆದು, ಟ್ರಂಕಿಗೆ ಬಟ್ಟೆ ತುಂಬಿದ.

ಭಾನುವಾರ ಮಾಲೂರು ಸ್ಟೇಷನ್ನಿನಲ್ಲಿ ನೋಡಿದರೆ, ಶಾಮಲ ಹಾಡಹಗಲೇ ಪ್ಲಾಟ್‌ಫಾರಂ ನಡುವೆ ನಿಂತಿದ್ದಾಳೆ.

"ಜನ ನೋಡ್ತಾರೆ ಕಣೇ," ಎಂದ. ಮೊದಲ ಸಲ ಹಾಗೆ ಕರೆದಿದ್ದ.

"ನೋಡ್ಲಿ ಬಿಡಿ. ಬಸ್‌ಚಾರ್ಜ್ ಕೊಟ್ಟು ಬಂದಿದೀನಿ, ಕದ್ದು ಬಂದಿಲ್ಲ." ಸೆರಗಿನ ತುದಿಯನ್ನು ಸೊಂಟಕ್ಕೆ ಬಿಗಿದಳು. "ಶುಕ್ರವಾರ ಮುಳಬಾಗಿಲಿಂದ ನನ್ನ ನೋಡಕ್ಕೆ ಬರ್ತಿದಾರೆ. ಬೇಡ ಅನ್ನೋ ಧೈರ್ಯ ನಂಗಿದೆ, ಅದಕ್ಕೆ ಯಾರ ಸಹಾಯಾನೂ ಬೇಡ. ಆದ್ರೆ ಸುಮ್ಮನೆ ಕಾಯ್ಕೊಂಡು ಕೂರೋಳಲ್ಲ ನಾನು. ಹೇಳೋದಿದ್ರೆ ಈಗ ಹೇಳಿ."

ಸಿಗ್ನಲ್ ಬಿತ್ತು. ಹಳಿಯ ತುದಿಯಲ್ಲಿ ಹೊಗೆ ಕಂಡಿತು.

"ಪಾಸಾದ್ರೆ ಕಾಗದ ಬರೀತೀನಿ."

"ನಾನ್ ಕೇಳಿದ್ದು ಅದಲ್ಲ." ಅವಳು ಅವನ ಕಾಲರಿನ ಮಡಿಕೆ ಸರಿಪಡಿಸಿದಳು, ಎಲ್ಲರೂ ನೋಡುವ ಹಾಗೆ, ನಿಧಾನವಾಗಿ. "ಹೋಗಿ. ಸೋತು ಮಾತ್ರ ಬರಬೇಡಿ." ರೈಲು ಹೊರಡುವ ಮೊದಲೇ ತಿರುಗಿ ನಡೆದಳು.

ಅವನು ಪಾಸಾದ. ಮೊದಲ ವರ್ಷವಿಡೀ ದೋಣಿಗಳ ತಳ ಕೆರೆದ, ಉಪ್ಪು ತೊಳೆದ. ಎರಡನೆಯ ವರ್ಷ ಹಗ್ಗ ಹಿಡಿಯಲು ಬಿಟ್ಟರು. ನಾಲ್ಕನೆಯ ವರ್ಷ ಕೊರಳಿಗೆ ಸೀಟಿ ಹಾಕಿ, ಹೊಸಬರಿಗೆ ಕಲಿಸು ಎಂದರು. ತಮಿಳು, ಇಂಗ್ಲಿಷು, ತೆಲುಗು ಮೂರರಲ್ಲೂ ಅವನು ದಿನವಿಡೀ ಮಾತಾಡಿ ಕಲಿಸುತ್ತಿದ್ದ.

ಶಾಮಲ ಮುಳಬಾಗಿಲಿನವರನ್ನು ಬೇಡವೆಂದಳು. ಶ್ರೀನಿವಾಸಪುರದಲ್ಲಿ ತನ್ನದೇ ಹೆಸರಿನ ಬೋರ್ಡು ಹಾಕಿ ಅಂಗಡಿ ತೆರೆದಳು. ಮೂರು ವರ್ಷದ ಮೇಲೆ, ತಾನೇ ಮೆಚ್ಚಿದ ಒಬ್ಬ ಮೇಷ್ಟರನ್ನು ಮದುವೆಯಾದಳು.

ಪಾಸಾದೆನೆಂದು ಕದಿರೇಶ ಅವಳಿಗೆ ಕಾಗದ ಬರೆದಿದ್ದ. ಗಾಳಿ, ಅಲೆ, ಕೆಲಸ, ಎಲ್ಲವನ್ನೂ ಬರೆದಿದ್ದ. ನೀನು ನನಗೆ ಬೇಕು ಎಂದು ಮಾತ್ರ ಅವನು ಅವಳಿಗೆ ಹೇಳಲಿಲ್ಲ.