ಎರಡನೇ ಬಾಗಿಲ ಕಡೆಗೆ

ಮೆಟ್ರೊ ನಿಲ್ದಾಣಕ್ಕೆ ಎರಡು ಬಾಗಿಲು. ಒಂದನೆಯದರಿಂದ ಹತ್ತಿ ಬಂದರೆ ಆಸ್ಪತ್ರೆ, ಕೋರ್ಟು, ಬಟ್ಟೆ ಅಂಗಡಿಗಳ ಸಾಲು, ಜೊತೆಗೆ ಅವನ ಷಡ್ಡಕನ ಕನ್ನಡಕದಂಗಡಿ. ಎರಡನೆಯದರಿಂದ ಹತ್ತಿ ಬಂದರೆ ಉದ್ದನೆಯ ಕಾಂಪೌಂಡು ಗೋಡೆ, ಬೀಗ ಜಡಿದ ಗೋದಾಮು, ಆಮೇಲೆ ಅವನದೇ ಕನ್ನಡಕದಂಗಡಿ. ನಿಲ್ದಾಣ ಕಟ್ಟಿದವರಿಗೆ ಅವನ ಮೇಲೆ ಯಾವ ಜನ್ಮದ ಹಗೆಯಿತ್ತೋ ಏನೋ.

ಗಾಜು ಉಜ್ಜುವುದರಿಂದ ಹಿಡಿದು ಗಿರಾಕಿಯ ಮೂಗಿನ ಅಳತೆ ತೆಗೆಯುವವರೆಗೆ ಷಡ್ಡಕನಿಗೆ ಎಲ್ಲವನ್ನೂ ಕಲಿಸಿದವನು ಇವನು. ಈಗ ಅಲ್ಲಿ ಕಾಲಿಡಲು ಜಾಗವಿಲ್ಲ, ಇಲ್ಲಿ ಇವನು ನೊಣ ಹೊಡೆಯುತ್ತ ಕೂತಿದ್ದಾನೆ. ಅದನ್ನಾದರೂ ಸಹಿಸಿಯಾನು. ಮೊನ್ನೆ ಷಡ್ಡಕ ಮನೆಗೆ ಬಂದು, ಇವನ ಹೆಂಡತಿಯ ಎದುರಿಗೇ, ಬಲು ವಿನಯದಿಂದ ಆಡಿದ ಮಾತನ್ನು ಮಾತ್ರ ಸಹಿಸಲಾರ.

"ಅಣ್ಣಾ, ನಮ್ಮಂಗಡೀಲೇ ನಿಮಗೊಂದು ಸ್ಟೂಲ್ ಹಾಕಿಸ್ತೀನಿ. ಕನ್ನಡಕ ಒರೆಸಿ ಕೊಡೋದಷ್ಟೇ ಕೆಲಸ."

ಹೆಂಡತಿ ಬೇಡವೆನ್ನಲಿಲ್ಲ. ಈ ತಿಂಗಳು ನೋಡೋಣ, ಆಮೇಲೆ ಅಂಗಡಿಗೆ ಬೀಗ ಹಾಕಿ ತಂಗಿ ಗಂಡನ ಹತ್ತಿರ ಹೋಗಿಬಿಡಿ ಎಂದಳು.

ಮೊದಲು ಇವನಿಗೆ ಕೊಲೆಯ ಯೋಚನೆಯೇ ಬಂದದ್ದು. ಆದರೆ ಷಡ್ಡಕ ಸತ್ತರೆ ನಾದಿನಿ ಮಕ್ಕಳು ಮರಿ ಕಟ್ಟಿಕೊಂಡು ಬಂದು ಇವನ ಮನೆಯಲ್ಲೇ ಠಿಕಾಣಿ ಹೂಡುತ್ತಾಳೆ. ಬೇಡಪ್ಪ ಬೇಡ. ಅಂಗಡಿಗೆ ಬೆಂಕಿ ಹಚ್ಚಿದರೆ ಅವನಿಗೆ ವಿಮೆ ಬರುತ್ತದೆ. ಅದಂತೂ ಇವನ ಕೈಯಾರೆ ಆಗಕೂಡದು. ಷಡ್ಡಕನ ಕೂದಲೂ ಕೊಂಕಬಾರದು, ಅವನ ಗಿರಾಕಿಗಳು ಮಾತ್ರ ಮಾಯವಾಗಬೇಕು.

ರೈಲಿಳಿದವರು ಎಡಕ್ಕೋ ಬಲಕ್ಕೋ ಎಂದು ತೀರ್ಮಾನಿಸುವ ಜಾಗದಲ್ಲಿ ಒಂದು ನೀಲಿ ಬೋರ್ಡು ತೂಗುತ್ತಿತ್ತು. ಆಸ್ಪತ್ರೆ, ಕೋರ್ಟು, ಅಂಗಡಿಸಾಲು ಎಂದು ಬರೆದು ಪಕ್ಕದಲ್ಲಿ ಬಾಣ. ಈ ಜನ ಸ್ವಂತ ಬುದ್ಧಿ ಓಡಿಸುವವರಲ್ಲ, ಬಾಣ ತೋರಿಸಿದ ಕಡೆ ಮೆರವಣಿಗೆ ಹೊರಡುವವರು. ಬಾಣ ತಿರುಗಿಸಿದರೆ ಸಾಕು, ಊರೇ ತಿರುಗುತ್ತದೆ. ದಾರಿ ತಪ್ಪಿ ಬಂದವರು ವಿಚಾರಿಸಲು ಮೊದಲು ಸಿಗುವ ಬಾಗಿಲು ಅವನದು. ಒಳಗೆ ಬಂದವರನ್ನು ಕೂರಿಸಿ ಕಣ್ಣು ಪರೀಕ್ಷಿಸದೆ ಕಳಿಸಲು ಅವನೇನು ಬೆಪ್ಪನೇ?

ಕತ್ತಲಲ್ಲಿ ನುಸುಳುವವರು ದಡ್ಡರೆಂದು ಅವನ ಖಚಿತ ಅಭಿಪ್ರಾಯ. ಕಿತ್ತಳೆ ಬಣ್ಣದ ಅಂಗಿ, ತಲೆಗೆ ಹೆಲ್ಮೆಟ್ಟು, ಹೆಗಲ ಮೇಲೆ ಏಣಿ ಇದ್ದವನನ್ನು ಯಾರೂ ಮನುಷ್ಯನೆಂದು ಎಣಿಸುವುದಿಲ್ಲ, ದುರಸ್ತಿ ಎಂದು ತಿಳಿದು ಪಕ್ಕಕ್ಕೆ ಸರಿಯುತ್ತಾರೆ. ಅದೇ ನೀಲಿ ಬಣ್ಣದ, ಎರಡನೇ ಬಾಗಿಲ ಕಡೆ ತೋರಿಸುವ ಬಾಣದ ಸ್ಟಿಕ್ಕರುಗಳನ್ನು ಊರಿನ ಆಚೆ ತುದಿಯಲ್ಲಿ ಅಚ್ಚು ಹಾಕಿಸಿದ. ನಡುಮಧ್ಯಾಹ್ನ ರಾಜಾರೋಷವಾಗಿ ನಿಲ್ದಾಣಕ್ಕಿಳಿದ.

ಕಾವಲಿನವನು ಏನು ಕೆಲಸ ಎಂದು ಕೇಳಿದ. ಮೇಲಿನವರು ನಿನಗೆ ತಿಳಿಸಲಿಲ್ಲವೇ ಎಂದು ಇವನೇ ಗದರಿದ. ಪಾಪ, ಅವನು ಏಣಿ ಹಿಡಿದುಕೊಂಡು ನಿಂತ. ಅಷ್ಟೇ ಅಲ್ಲ, "ಬಲಗಡೆ ಸ್ವಲ್ಪ ಇಳಿಸಿ ಸಾರ್, ಸೊಟ್ಟ ಆಗಿದೆ" ಎಂದು ತಿದ್ದಿಯೂ ಕೊಟ್ಟ. ಕೆಳಗೆ ಜನ ತಲೆಯೆತ್ತಿ ಓದಿಕೊಂಡು ಹೊಸ ಬಾಣದ ದಾರಿ ಹಿಡಿಯತೊಡಗಿದ್ದರು. ಏಣಿಯ ಮೇಲೆ ನಿಂತವನಿಗೆ ನಗು ತಡೆಯುವುದೇ ದೊಡ್ಡ ಕಷ್ಟವಾಯಿತು.

ಅಡ್ಡದಾರಿಯಲ್ಲಿ ಅಂಗಡಿಗೆ ಓಡಿ, ವೇಷವನ್ನೆಲ್ಲ ಕಪಾಟಿಗೆ ತುರುಕಿ, ತಲೆ ಬಾಚಿಕೊಂಡು ಕೂತ. ಬಂದೇಬಿಟ್ಟರು! ಗೋಡೆಯನ್ನೂ ಗೋದಾಮನ್ನೂ ನೋಡಿ ಕಕ್ಕಾಬಿಕ್ಕಿಯಾದವರು ಒಬ್ಬೊಬ್ಬರಾಗಿ ಒಳಗೆ ನುಗ್ಗಿ ಆಸ್ಪತ್ರೆ ಎಲ್ಲಿ, ಕೋರ್ಟು ಎಲ್ಲಿ ಎಂದರು. ಹೇಳುತ್ತೇನೆ, ಮೊದಲು ಕೂತು ಸುಧಾರಿಸಿಕೊಳ್ಳಿ, ಕಣ್ಣಿನ ಪರೀಕ್ಷೆ ಇವತ್ತು ಪುಕ್ಕಟೆ ಎಂದ. ಷಡ್ಡಕನನ್ನೇ ತನ್ನ ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿ ಗಾಜು ಒರೆಸಿಸುವ ದಿನ ಅವನ ಕಣ್ಣಿಗೆ ಕಟ್ಟಿತು.

ಕೋರ್ಟು ಹುಡುಕಿಕೊಂಡು ಬಂದಿದ್ದ ಒಬ್ಬ ವಕೀಲ ಅಕ್ಷರದ ಹಲಗೆಯ ಕೊನೆಯ ಸಾಲನ್ನು ನೀರು ಕುಡಿದಂತೆ ಓದಿದ. ಅವನ ಹಿಂದಿನವಳೂ ಓದಿದಳು. ಆಮೇಲಿನ ನಾಲ್ವರೂ ಓದಿದರು. ಕೊನೆಗೆ ಒಬ್ಬ ಅಜ್ಜಿ, ಇವಳಾದರೂ ಸಿಕ್ಕಳು ಎಂದು ಅವನು ಕೈ ಉಜ್ಜಿಕೊಳ್ಳುತ್ತಿರುವಾಗಲೇ, ಹಲಗೆಯ ಅಡಿಯಲ್ಲಿದ್ದ ಅಚ್ಚುಕೂಟದ ಹೆಸರನ್ನೂ ಓದಿ ಮುಗಿಸಿದಳು. "ನಂಗೆ ಕನ್ನಡಕ ಯಾಕಪ್ಪಾ? ಬೇಕಾಗಿರೋದು ನಮ್ಮ ಯಜಮಾನ್ರಿಗೆ. ಬೋರ್ಡು ಕಾಣಲ್ಲ ಅಂತ ಕಾವಲಿನವನನ್ನ ಕೇಳ್ಕೊಂಡು ಆ ಕಡೆ ಬಾಗಿಲಿಗೆ ಹೋದ್ರು. ಕಣ್ಣು ಕಾಣದೋರೆಲ್ಲ ಅವರ ಹಿಂದೇನೇ ಹೋದ್ರು" ಎಂದಳು. ಅಜ್ಜಿ ಇನ್ನೂ ಅವನನ್ನೇ ನೋಡುತ್ತಿದ್ದಳು. "ಏಣಿ ಮೇಲಿದ್ದೋರು ನೀವೇ ತಾನೆ? ಮೊಣಕೈ ಹತ್ರ ಒಂದು ಬಾಣ ಅಂಟ್ಕೊಂಡಿದೆ ನೋಡಿ." ಅಂಗಡಿಯಲ್ಲಿದ್ದ ಅಷ್ಟೂ ಜನ ಅವನ ಕಡೆ ತಿರುಗಿದರು. ಒಬ್ಬರಿಗೂ ಕನ್ನಡಕ ಬೇಕಾಗಲಿಲ್ಲ.