ಮಂಗಳವಾರದ ಬಸ್ಸು

ರೊವೀನಾ ಹನ್ನೊಂದನೆಯ ಬಟ್ಟಲನ್ನು ಹಳೆಯ ಪತ್ರಿಕೆಯಲ್ಲಿ ಸುತ್ತುತ್ತಿದ್ದಾಗ ಫೋನು ಬಂತು. ಮನೆ ಬದಲಿಸಲು ಇನ್ನು ಹತ್ತೇ ದಿನ. ಹೊಸ ಊರಿನ ಶಾಲೆಗಳನ್ನು ನೋಡಿಕೊಳ್ಳುವ ಜಿಲ್ಲಾ ಕಚೇರಿಯ ಹೆಂಗಸು ಬಹಳ ಮೃದುವಾಗಿ ಮಾತನಾಡಿದಳು.

"ನಿಮ್ಮ ಮಗಳು ಪ್ರತಿಭಾವಂತೆ ಅಂತ ನಾವೂ ಒಪ್ಕೋತೀವಿ ಮೇಡಂ. ಆದ್ರೆ ಅಂಥ ಮಕ್ಕಳಿಗೆ ಬೇರೆ ತರಗತಿ ನಮ್ಮಲ್ಲಿಲ್ಲ."

"ಹೋದ ವಾರ ಅವಳ ಪ್ರತಿಭಾ ಪರೀಕ್ಷೆಯ ಅಂಕ ನಿಮ್ಮಲ್ಲೂ ನಡೆಯುತ್ತೆ ಅಂದ್ರಲ್ಲ?"

"ನಡೆಯುತ್ತೆ. ನೀವು ಕೇಳಿದ್ದು ಅಂಕದ ವಿಷಯ, ತರಗತಿ ವಿಷಯ ಕೇಳಲೇ ಇಲ್ಲ..."

ನಿಜ, ಕೇಳಿರಲಿಲ್ಲ. ಜಾಣೆಯೆಂದು ಒಪ್ಪಿಕೊಂಡು ಸುಮ್ಮನೆ ಕೂರಿಸುವವರೂ ಇರುತ್ತಾರೆಂದು ಅವಳಿಗೆ ಹೊಳೆದಿರಲಿಲ್ಲ. ಫ್ರಿಜ್ಜಿನ ಮೇಲೆ ಅಂಟಿಸಿದ್ದ ಹಾಳೆಯಲ್ಲಿ ಹಳೆಯ ಶಾಲೆ, ಹೊಸ ಶಾಲೆ ಎಂದು ಎರಡು ಸಾಲು ಎಳೆದು, ವಿಶೇಷ ತರಗತಿಯ ಮುಂದೆ ಎರಡರಲ್ಲೂ 'ಉಂಟು' ಎಂದು ಬರೆದಿದ್ದಳು. ಅಂದೇ ಮಗಳು ಕೋರಾಳಿಗೆ ಮಾತನ್ನೂ ಕೊಟ್ಟಿದ್ದಳು... ಅಲ್ಲಿಯೂ ಮಂಗಳವಾರದ ಬಸ್ಸು ಬರುತ್ತದೆ ಎಂದು!

ಮೂರು ಶಾಲೆಗಳಿಂದ ಒಂಬತ್ತು ಮಕ್ಕಳನ್ನು ಹತ್ತಿಸಿಕೊಂಡು ಆ ವಿಶೇಷ ತರಗತಿಗೆ ಹೋಗುವ ಬಸ್ಸದು. ಅಲ್ಲಿ ಅವರು ಕಡ್ಡಿಗಳಿಂದ ಸೇತುವೆ ಕಟ್ಟಿ, ಮರಳು ಚೀಲ ಹೇರಿ, ಎಲ್ಲಿ ಮುರಿಯಿತೆಂದು ನೋಡುತ್ತಾರೆ. ಉಳಿದ ನಾಲ್ಕು ದಿನ ಹೊಟ್ಟೆನೋವು ಎನ್ನುವ ಹತ್ತು ವರ್ಷದ ಹುಡುಗಿ, ಮಂಗಳವಾರ ಮಾತ್ರ ಎಬ್ಬಿಸುವ ಮೊದಲೇ ಬೂಟು ಹಾಕಿಕೊಂಡು ಕೂತಿರುತ್ತಾಳೆ.

"ಯಾರದು ಫೋನು?" ಕುರ್ಚಿಯಿಂದ ಅತ್ತೆ ಗ್ಲೆಂಡಾ ಕೇಳಿದಳು. ಚಳಿಗಾಲದಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡವಳು ಅಂದಿನಿಂದ ಇಲ್ಲಿಯೇ ಇದ್ದಳು. ಈಗ ತನ್ನ ಮನೆಯೇ ಬೇಕು, ಮಗನ ಸಂಸಾರವೂ ಅಲ್ಲಿಗೇ ಬರಬೇಕು ಎಂಬ ಹಟ.

"ಶಾಲೆಯವರು, ಅತ್ತೆ. ಅಲ್ಲಿ ಆ ತರಗತಿ ಇಲ್ವಂತೆ."

"ಇಲ್ದಿದ್ರೆ ಏನೀಗ? ನನ್ನ ಮಗ ಅದೇ ಶಾಲೇಲಿ ಓದಿದ್ದು. ಟೈರು ಕಾರ್ಖಾನೇಲಿ ಮೇಲ್ವಿಚಾರಕ ಆಗ್ಲಿಲ್ವಾ? ಕಡ್ಡಿ ಜೋಡ್ಸೋಕೆ ಬಸ್ ಬೇಕಂತೆ! ಮಗೂನ ಹೆಸರು ಹೇಳ್ಕೊಂಡು ನನ್ನ ಮನೆಗೆ ಬರೋದು ತಪ್ಪಿಸ್ಕೋಬೇಡ."

ಬಾಗಿಲಲ್ಲಿ ಬಂದು ನಿಂತಿದ್ದ ಡ್ವೇನ್ ತಾಯಿಯನ್ನೂ ನೋಡಿದ, ಹೆಂಡತಿಯನ್ನೂ ನೋಡಿದ. "ರೋ, ಅವಳು ಎಲ್ಲಿದ್ರೂ ಓದ್ತಾಳೆ ಬಿಡೆ," ಎಂದು ಪೆಟ್ಟಿಗೆ ಎತ್ತಿಕೊಂಡು ಹೊರಗೆ ಹೋದ. ಅವನೂ ದಣಿದಿದ್ದ.

ಮೇಜಿನಡಿಯಲ್ಲಿ ಕೂತು ಹಗ್ಗ ಸುತ್ತುತ್ತಿದ್ದ ಕೋರಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಳಲಿಲ್ಲ.

"ಪರವಾಗಿಲ್ಲಮ್ಮ, ನಿಧಾನ ಮಾಡೋದು ಕಲೀತೀನಿ. ಆಗ ಲೆಕ್ಕ ಎಲ್ಲರ ಜೊತೇಲೇ ಮುಗಿಯುತ್ತೆ."

ಅತ್ತಿದ್ದರೇ ಚೆನ್ನಾಗಿತ್ತು!

ಒಂದು ದಾರಿಯಿತ್ತು. ಹೊರಜಿಲ್ಲೆಯ ಮಗುವನ್ನೂ ಹಳೆಯ ಶಾಲೆ ಇಟ್ಟುಕೊಳ್ಳುತ್ತದೆ. ಶುಕ್ರವಾರದೊಳಗೆ ಅರ್ಜಿ ಕೊಡಬೇಕು, ಹೊಸ ಮನೆಯಿಂದ ಬಸ್ಸಿಲ್ಲ, ತಾನೇ ಕಾರಿನಲ್ಲಿ ಬಿಟ್ಟು ಬರಬೇಕು. ಹೋಗಲು ನಲವತ್ತು ನಿಮಿಷ, ಬರಲು ನಲವತ್ತು. ಮಧ್ಯಾಹ್ನ ಮೂರಕ್ಕೆ ಮತ್ತೆ ಅಷ್ಟೇ. ನಡುವೆ ಅತ್ತೆಯ ಊಟ, ಸ್ನಾನ, ನಡೆದಾಡಿಸುವುದು.

ಎರಡು ವರ್ಷ ಕಾದ ಮೇಲೆ ಅವಳಿಗೆ ಕಾಲೇಜಿನಲ್ಲಿ ಹಲ್ಲಿನ ಆರೈಕೆಯ ತರಬೇತಿಗೆ ಜಾಗ ಸಿಕ್ಕಿತ್ತು. ದಿನಾ ಮಧ್ಯಾಹ್ನ ಎರಡರಿಂದ ಐದರವರೆಗೆ ಪಾಠ. ಆ ಪತ್ರವನ್ನು ಯಾರಿಗೂ ತೋರಿಸದೆ ಕತ್ತರಿ ಚಮಚಗಳ ಡ್ರಾಯರಿನಲ್ಲಿ ಇಟ್ಟಿದ್ದಳು. ಒಬ್ಬಳೇ ಇದ್ದಾಗ ತೆಗೆದು ಓದುತ್ತಿದ್ದಳು.

ಅರ್ಜಿಯನ್ನು ಇಸ್ತ್ರಿ ಮೇಜಿನ ಮೇಲಿಟ್ಟು ತುಂಬಿದಳು. 'ಮಗುವನ್ನು ಕರೆತರುವವರು' ಎಂಬಲ್ಲಿ 'ತಾಯಿ' ಎಂದು ಬರೆದಳು.

"ಏನದು ಬರೀತಿರೋದು?" ಗ್ಲೆಂಡಾಳ ಧ್ವನಿ.

"ಪೆಟ್ಟಿಗೆಗಳ ಪಟ್ಟಿ, ಅತ್ತೆ."

ಹನ್ನೆರಡನೆಯ ಬಟ್ಟಲು ಉಳಿದಿತ್ತು, ಪತ್ರಿಕೆ ಮುಗಿದಿತ್ತು. ರೊವೀನಾ ಡ್ರಾಯರು ಎಳೆದು ಕಾಲೇಜಿನ ಪತ್ರ ತೆಗೆದಳು. ಬಟ್ಟಲಿನ ಸುತ್ತ ಅದನ್ನು ಬಿಗಿಯಾಗಿ ಸುತ್ತಿ, ಪೆಟ್ಟಿಗೆಯ ತಳದಲ್ಲಿ, ಉಳಿದವುಗಳ ಅಡಿಗೆ ಇಟ್ಟಳು.