ಹೆಜ್ಜೆಯ ಅಳತೆ

ನಮ್ಮ ಮ್ಯೂಸಿಯಂನಲ್ಲಿ ಸಾವಿರ ವರ್ಷ ಹಳೆಯ ಒಂದು ಇಟ್ಟಿಗೆಯಿದೆ. ಅದು ಹಸಿಯಾಗಿದ್ದಾಗ ಯಾವುದೋ ಮಗು ಅದರ ಮೇಲೆ ಬಲಗಾಲು ಊರಿ ಓಡಿತ್ತು. ಆ ಹೆಜ್ಜೆ ಹಾಗೆಯೇ ಉಳಿದಿದೆ. ವರ್ಷಕ್ಕೊಮ್ಮೆ, ಪರಂಪರೆಯ ದಿನದಂದು, ಅದನ್ನು ಜನರಿಗೆ ತೋರಿಸುತ್ತೇವೆ. ಪೆಟ್ಟಿಗೆಯಿಂದ ತೆಗೆದ ಕೂಡಲೇ ಹೆಜ್ಜೆಯನ್ನು ಅಳೆದು ಬರೆದಿಡುವುದು ನನ್ನ ಕೆಲಸ.

ಮೊದಲ ವರ್ಷ ಹನ್ನೆರಡು ಸೆಂಟಿಮೀಟರ್ ಇತ್ತು. ಮರುವರ್ಷ ಹದಿಮೂರು ಬಂತು. ನನ್ನ ಕಣ್ಣೇ ಸರಿಯಿಲ್ಲವೆಂದು ಹೊಸ ಸ್ಕೇಲ್ ತಂದೆ. ಅದರಲ್ಲಿ ಅಳೆದರೆ, ಮುಂದಿನ ವರ್ಷ ಹದಿನಾಲ್ಕು!

ಓಡಿಹೋಗಿ ಮೇಲ್ವಿಚಾರಕಿ ಅಕ್ಕನಿಗೆ ಹೇಳಿದೆ.

"ಬೆಳೆಯೋ ಮಗು ಕಣೇ," ಅಂದರು ಅವರು. "ನನ್ನ ಮೊಮ್ಮಗಳಿಗೂ ವರ್ಷಕ್ಕೊಂದು ಜೊತೆ ಚಪ್ಪಲಿ ಬೇಕು. ಎಷ್ಟು ಬರುತ್ತೋ ಅಷ್ಟು ಬರಿ."

ಏಳು ವರ್ಷ ಹಾಗೇ ಬರೆದೆ. ಹೋದ ವರ್ಷ ಹಿಮ್ಮಡಿಗೂ ಇಟ್ಟಿಗೆಯ ಅಂಚಿಗೂ ನಡುವೆ ಒಂದು ಬೆರಳಗಲ ಮಾತ್ರ ಉಳಿದಿತ್ತು. ಅಕ್ಕನ ಮುಖ ಸಪ್ಪಗಾಯಿತು.

"ಪಾಪ, ಇನ್ನೆಲ್ಲಿ ನಿಲ್ಲುತ್ತೆ ಇದು?"

ಹೆಜ್ಜೆಯ ಇಟ್ಟಿಗೆ ಇದ್ದ ಹಳೆಯ ಗೋಡೆಯಲ್ಲೇ ಸಿಕ್ಕಿದ್ದ ಬೋಳು ಇಟ್ಟಿಗೆಯೊಂದನ್ನು ತಂದು, ಅವರು ಪೆಟ್ಟಿಗೆಯಲ್ಲಿ ಅದರ ಪಕ್ಕಕ್ಕಿಟ್ಟರು. ನನಗೆ ನಗು ಬರಲಿಲ್ಲ. ಬೀಗ ಹಾಕಿ ಕೀಲಿಕೈಯನ್ನು ನನ್ನ ಬಳಿಯೇ ಇಟ್ಟುಕೊಂಡೆ.

ಇವತ್ತು ಬೆಳಿಗ್ಗೆ, ಹೊರಗೆ ಜನ ಸಾಲುಗಟ್ಟಿ ನಿಂತಿದ್ದಾಗ, ಬೀಗ ತೆಗೆದೆ. ಹಸಿಮಣ್ಣಿನ ವಾಸನೆ ಮುಖಕ್ಕೆ ರಾಚಿತು. ಬೋಳು ಇಟ್ಟಿಗೆಯ ಮೇಲೆ ಎಡಗಾಲಿನ ಹೆಜ್ಜೆಯಿತ್ತು. ಅಳೆದೆ. ಎರಡೂ ಇಪ್ಪತ್ತೊಂದು.

ಅಕ್ಕ ಹತ್ತಿರ ಬಂದು ಬಾಗಿ ನೋಡಿದರು. ಆಮೇಲೆ ಹೊಸ ಹೆಜ್ಜೆಯ ಮೇಲೆ ಮೆಲ್ಲಗೆ ಅಂಗೈಯಿಟ್ಟು, "ಬೆಚ್ಚಗಿದೆ ಕಣೇ," ಅಂದರು.

ಅವರು ಕೈ ತೆಗೆದಾಗ ಅಂಗೈಗೆಲ್ಲ ಹಸಿಮಣ್ಣು ಮೆತ್ತಿತ್ತು.